ಮೋಟರ್ ಬಿಚ್ಚಿದವರನ್ನು ಕೇಳಿ

ಕೋವಿಡ್ ಕಳೆದ ಮರುವರ್ಷ ನಾನು ಹೆಬ್ಬಾಳದ ಒಂದು ಮ್ಯೂಚುವಲ್ ಫಂಡ್ ಕಚೇರಿಯಲ್ಲಿ ರಿಸರ್ಚ್ ಅನಲಿಸ್ಟ್ ಆಗಿದ್ದೆ. ಕಂಪನಿಗಳ ಲೆಕ್ಕಪತ್ರ ಓದಿ, ಯಾವ ಷೇರು ಕೊಳ್ಳಬಹುದೆಂದು ವರದಿ ಬರೆಯುವುದು ನನ್ನ ಕೆಲಸ. ತೀರ್ಮಾನ ಮಾತ್ರ ಫಂಡ್ ಮ್ಯಾನೇಜರ್ ಮುನಿರಾಜು ಅವರದು. ಆಟೊ ಓಡಿಸುವವರು, ಶಾಲಾ ಟೀಚರುಗಳು ತಿಂಗಳು ತಿಂಗಳು ಕಟ್ಟುವ ದುಡ್ಡು ಅವರ ಒಂದು ಸಹಿಯಿಂದ ಬೆಳೆಯಬೇಕು, ಇಲ್ಲವೇ ಮುಳುಗಬೇಕು.

ಅವರಿಗೆ ಹೆಸರು ತಂದುಕೊಟ್ಟದ್ದು ಒಂದು ನೀರಿನ ಪಂಪ್ ಕಂಪನಿ. ಯಾರೂ ಮೂಸಿ ನೋಡದ ಕಾಲದಲ್ಲಿ ಅದರ ಷೇರು ಕೊಂಡು, ಹನ್ನೊಂದು ವರ್ಷ ಅಲ್ಲಾಡಿಸದೆ ಇಟ್ಟುಕೊಂಡಿದ್ದರು. ಆ ವರ್ಷ ಫಂಡಿನ ಬೇರೆ ಷೇರುಗಳೆಲ್ಲ ಮಲಗಿದ್ದವು, ಏರುತ್ತಿದ್ದದ್ದು ಅದೊಂದೇ. ಎರಡು ವರ್ಷದಿಂದ ಅದರ ಲಾಭವೂ ಹೆಚ್ಚಿತ್ತು. ಇನ್ನಷ್ಟು ಕೊಳ್ಳಿ ಎಂದು ನಲವತ್ತೆರಡು ಪುಟದ ವರದಿ ಬರೆದೆ. ಗ್ರಾಫುಗಳೇ ಹದಿನಾರು. ನನ್ನ ಜಂಬ ಕೇಳಬೇಡಿ.

ಮುನಿರಾಜು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು.

"ಮೋಟರ್ ಬಿಚ್ಚಿದೋರನ್ನ ಕೇಳಿದ್ಯೇನಮ್ಮ?"

ಶನಿವಾರ ನನ್ನನ್ನು ಯಲಹಂಕ ಹಳೇ ಟೌನಿಗೆ ಕರೆದುಕೊಂಡು ಹೋದರು. ಅಲ್ಲಿ ಅನ್ವರ್ ಭಾಯ್ ಅವರ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ಒಳಗಿನ ತಂತಿ ಕಿತ್ತು ಹೊಸದು ಸುತ್ತುವುದು ಅವರ ಕಸುಬು. ಹನ್ನೊಂದು ವರ್ಷದ ಹಿಂದೆ, ಈ ಕಂಪನಿಯ ಮೋಟರು ಸುಡುವುದೇ ಇಲ್ಲ, ಇವರಿಂದ ನಮಗೆ ವ್ಯಾಪಾರವೇ ಇಲ್ಲ ಎಂದು ಅವರು ಗೊಣಗಿದ್ದನ್ನು ಕೇಳಿಯೇ ಮುನಿರಾಜು ಮೊದಲ ಷೇರು ಕೊಂಡದ್ದಂತೆ. ಅದೇ ಅವರ ವಿದ್ಯೆ. ಮಾರುವವರ ಮಾತನ್ನು ಎಲ್ಲರೂ ಕೇಳುತ್ತಾರೆ. ಇವರು ರಿಪೇರಿ ಮಾಡುವವರ ಮಾತು ಕೇಳುತ್ತಿದ್ದರು. ಟೈರ್ ಕಂಪನಿಯಾದರೆ ಪಂಕ್ಚರ್ ಅಂಗಡಿಗೆ ಹೋಗಿ ಕೂರುತ್ತಿದ್ದರು.

ಅನ್ವರ್ ಭಾಯ್ ಅವತ್ತು ಖುಷಿಯಲ್ಲಿದ್ದರು. ಈಗೀಗ ಅದೇ ಕಂಪನಿಯ ಮೋಟರುಗಳು ವಾರಕ್ಕೆ ನಾಲ್ಕೈದು ಬರುತ್ತಿವೆ ಎಂದರು. ಒಂದನ್ನು ಬಿಚ್ಚಿ ತಂತಿ ಕತ್ತರಿಸಿ ತೋರಿಸಿದರು.

"ಮೊದ್ಲು ಪೂರಾ ತಾಮ್ರ ಇರ್ತಿತ್ತು ಸಾರ್. ಈಗ ಅಲ್ಯೂಮಿನಿಯಂ. ಮೇಲೆ ಮಾತ್ರ ಕೆಂಪು ಬಣ್ಣ."

ತಂತಿಯ ತುದಿ ಬೆಳ್ಳಗೆ ಹೊಳೆಯಿತು. ನಾನು ಹದಿನಾರು ಗ್ರಾಫಿನಲ್ಲಿ ಹೊಗಳಿದ್ದ ಲಾಭ ಬಂದದ್ದು ಅಲ್ಲಿಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೆ. ತಲೆಗೆ ಹೋದದ್ದು ಅವತ್ತು.

ಒಂದು ಅಂಗಡಿ ಸಾಲದು ಎಂದು ವಾರವಿಡೀ ಯಶವಂತಪುರ, ನಾಗಸಂದ್ರ ಸುತ್ತಿದೆವು. ಒಂಬತ್ತು ಅಂಗಡಿಗಳಲ್ಲಿ ಏಳು ಕಡೆ ಅದೇ ಕಥೆ. ಕಂಪನಿಯವರನ್ನು ವಿಚಾರಿಸಿದರೆ, ಗಿರಾಕಿಗೆ ಅಗ್ಗದ್ದೇ ಬೇಕು ಎಂದರು. ಬೆಲೆ ಮಾತ್ರ ಒಂದು ರೂಪಾಯಿಯೂ ಇಳಿಸಿರಲಿಲ್ಲ. ಮುನಿರಾಜು ಇದ್ದ ಷೇರನ್ನೆಲ್ಲ ಮಾರಿಬಿಟ್ಟರು.

ಅಲ್ಲಿಂದ ಶುರುವಾಯಿತು ಗ್ರಹಚಾರ. ಷೇರು ಏಳು ತಿಂಗಳು ಏರುತ್ತಲೇ ಹೋಯಿತು. ಓಡುವ ಕುದುರೆಯಿಂದ ಇಳಿದ ಮುದುಕ ಎಂದು ಆಫೀಸಿನಲ್ಲೇ ನಕ್ಕರು. ಆಡಳಿತ ಮಂಡಳಿಯವರು ನನ್ನ ವರದಿಯನ್ನೇ ಅವರ ಮುಖಕ್ಕೆ ಹಿಡಿದರು. ಎದ್ದು ನಿಂತು, ಆ ವರದಿಯೇ ತಪ್ಪು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುನಿರಾಜು ಅವರ ಕೈಲಿದ್ದ ಎರಡು ಫಂಡುಗಳಲ್ಲಿ ಒಂದನ್ನು ಕಿತ್ತುಕೊಂಡರು. ಇನ್ನೊಂದು ವರ್ಷ ಹೀಗೇ ಆದರೆ ಮನೆಗೆ ಹೋಗಿ ಎಂದೂ ಹೇಳಿದರು. ನನಗೆ ಅಳು ಬಂತು. ತಿರುಗಿ ಸ್ವಲ್ಪ ಕೊಂಡುಬಿಡೋಣ ಸರ್ ಎಂದು ಗೋಗರೆದೆ.

"ಮೋಟರ್ ಸುಡೋಕೂ ಟೈಮ್ ಬೇಕಲ್ವೇನಮ್ಮ," ಎಂದರು, ಅಷ್ಟೇ. ಮಧ್ಯಾಹ್ನದ ಊಟ ತಪ್ಪಿಸಲಿಲ್ಲ, ಯಾರ ಮೇಲೂ ರೇಗಲಿಲ್ಲ.

ಬೇಸಿಗೆ ಬಂತು. ನೀರು ಆಳಕ್ಕಿಳಿದು, ಪಂಪುಗಳು ಬಿಡುವಿಲ್ಲದೆ ಓಡಿ, ಮೋಟರುಗಳು ಸಾಲುಸಾಲಾಗಿ ಸುಟ್ಟವು. ಪಂಪ್ ಮಾರುವ ಅಂಗಡಿಯವರು ಕಂಪನಿಗೆ ಸರಕು ವಾಪಸ್ ಕಳಿಸಿದರು. ಮೂರೇ ತಿಂಗಳಲ್ಲಿ ಷೇರು ಅರ್ಧಕ್ಕಿಂತ ಕೆಳಗೆ ಬಿತ್ತು. ಅಂದು ನಕ್ಕವರೇ ಕೇಕ್ ತಂದರು. ಮುನಿರಾಜು ಮುಟ್ಟಲಿಲ್ಲ.

"ಒಳ್ಳೇ ಕಂಪನಿ ಕಣಮ್ಮ ಅದು. ಹಾಳ್ ಮಾಡ್ಕೊಂಡ್ರು," ಎಂದು ಕನ್ನಡಕ ಒರೆಸಿಕೊಂಡರು.

ಕಿತ್ತುಕೊಂಡ ಫಂಡನ್ನು ಯಾರೂ ಹಿಂದಿರುಗಿಸಲಿಲ್ಲ. ಅವರೂ ಕೇಳದೆ ನಿವೃತ್ತರಾದರು. ಹೊಗಳುವ ಮೊದಲು ಒಳಗೆ ನೋಡಬೇಕು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಈ ಬರಹ ಕಂಡರೆ ಅವರು ಅದೇ ಪ್ರಶ್ನೆ ಕೇಳುತ್ತಾರೆ, ಗೊತ್ತು: ಬಿಚ್ಚಿ ನೋಡಿದ್ಯೇನಮ್ಮ?

ನೋಡಿದ್ದೇನೆ ಸರ್. ಆ ಏಳು ತಿಂಗಳು ಪಕ್ಕದ ಟೇಬಲಿನಲ್ಲೇ ಕೂತು ನಿಮ್ಮನ್ನು ನೋಡಿದ್ದೇನೆ. ಪೂರಾ ತಾಮ್ರ.