ಲೋರ್ನಾ ಮುದ್ರೆ ಹಾಕದ ಹಲಗೆಗಳು

ಬೆಳಗಿನ ಐದೂವರೆ. ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಆಲ್ಡರ್ ಬೆಂಡ್ ಊರಿನಲ್ಲಿ ಈ ಹೊತ್ತಿಗೆ ದೀಪ ಉರಿಯುವುದು ಮರದ ಮಿಲ್ಲಿನಲ್ಲಿ ಮಾತ್ರ. ಲೋರ್ನಾ ಹಕಾಲಾ ಫ್ಲಾಸ್ಕಿನ ಕಾಫಿ ಮುಗಿಸಿ, ಗದ್ದಲ ತಡೆಯುವ ಕಿವಿಮುಚ್ಚಳ ಹಾಕಿಕೊಂಡು, ಎಡಗೈಗೆ ಚರ್ಮದ ಗವಸು ಏರಿಸಿ, ಬಲಗೈಯಲ್ಲಿ ನೀಲಿ ಮೇಣದ ಬಳಪ ಹಿಡಿದು ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಸೈರನ್ ಕೂಗುತ್ತದೆ, ಹಲಗೆ ಸಾಗಿಸುವ ಸರಪಳಿ ಕದಲುತ್ತದೆ, ಮೊದಲ ಹಲಗೆ ಅಡ್ಡಡ್ಡಲಾಗಿ ಮಲಗಿಕೊಂಡು ಅವರೆದುರಿಗೆ ಬರುತ್ತದೆ.

ಒಂದು ಹಲಗೆಗೆ ಸಿಗುವುದು ಎರಡು ಸೆಕೆಂಡು. ಅಷ್ಟರಲ್ಲಿ ಅದನ್ನು ಮಗುಚಿ ನಾಲ್ಕೂ ಮೈ ನೋಡಬೇಕು. ಗಂಟು ಅಂಚಿನಲ್ಲಿದೆಯೋ ನಡುವಿನಲ್ಲೋ, ಸೀಳು ಎಲ್ಲಿಯವರೆಗೆ ಹೋಗಿದೆ, ಮೂಲೆಯಲ್ಲಿ ತೊಗಟೆ ಉಳಿದಿದೆಯೇ, ಒಳಗೆ ಕೊಳೆ ಶುರುವಾಗಿದೆಯೇ. ನೋಡಿ, ಬಳಪದಿಂದ ಒಂದು ಗೀಟು ಎಳೆಯಬೇಕು. ಒಂದು ಗೀಟು ಎಂದರೆ ಸೂರು ಹೊರುವ ಮರ, ಎರಡಾದರೆ ಒಳಗೋಡೆಗೆ ಸಾಕು, ಅಡ್ಡಗೀಟು ಬಿದ್ದರೆ ಹಣ್ಣಿನ ಪೆಟ್ಟಿಗೆಗೆ. ಮುಂದೆ ಯಂತ್ರವೊಂದು ಆ ಗೀಟನ್ನು ನೋಡಿ ಮುದ್ರೆ ಒತ್ತುತ್ತದೆ. ಪಾಳಿ ಮುಗಿಯುವಷ್ಟರಲ್ಲಿ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಹಲಗೆಗಳು ಅವರ ಕೈ ದಾಟಿರುತ್ತವೆ.

"ನಿದ್ದೇಲೂ ಮಗುಚ್ತಾನೇ ಇರ್ತೀನಿ," ಎನ್ನುತ್ತಾರೆ ಲೋರ್ನಾ. "ಬೆಳಿಗ್ಗೆ ಎದ್ದು ನೋಡಿದ್ರೆ ಹೊದಿಕೆ ಎಲ್ಲಾ ನೆಲದ ಮೇಲೆ."

ಮನೆ ಕಟ್ಟಿದವನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಬಣ್ಣ ಬಳಿದವನೂ ತನ್ನ ಫಲಕ ನೆಟ್ಟು ಹೋಗುತ್ತಾನೆ. ಗೋಡೆಯೊಳಗೆ ನಿಂತು ಭಾರ ಹೊರುವ ಮರಕ್ಕೆ 'ಆಗಬಹುದು' ಎಂದವಳು ಯಾರೆಂದು ಯಾರಿಗೂ ಬೇಡ. ಆ ಮುದ್ರೆಯಲ್ಲಿ ಮಿಲ್ಲಿನ ಸಂಖ್ಯೆ ಇರುತ್ತದೆ, ಮರದ ಜಾತಿ ಇರುತ್ತದೆ, ದರ್ಜೆ ಇರುತ್ತದೆ, ಹಸಿಯೋ ಒಣವೋ ಎಂಬುದೂ ಇರುತ್ತದೆ. ಲೋರ್ನಾ ಎಂಬ ಹೆಸರಿಲ್ಲ. ಅಳತೆಯೂ ಇಲ್ಲ.

ಅಳತೆಯದ್ದೇ ಒಂದು ಕಥೆ. ಅಂಗಡಿಯಲ್ಲಿ 'ಎರಡು ಬೈ ನಾಲ್ಕು' ಎಂದು ಕೊಡುವ ಮರಕ್ಕೆ ಅಳತೆಪಟ್ಟಿ ಹಿಡಿದರೆ ಒಂದೂವರೆ ಬೈ ಮೂರೂವರೆ ಇಂಚು ಬರುತ್ತದೆ. 'ಒಂದು ಇಂಚಿನ' ಹಲಗೆ ಮುಕ್ಕಾಲು ಇಂಚು. ಹಸಿ ಮರವನ್ನು ಕೊಯ್ದಾಗ ಇದ್ದ ಗಾತ್ರ ಒಣಗಿದಾಗ ಕುಗ್ಗುತ್ತದೆ, ಆಮೇಲೆ ನಾಲ್ಕೂ ಕಡೆ ತೋಪಡ ಹೊಡೆದು ನುಣುಪು ಮಾಡಿದಾಗ ಇನ್ನಷ್ಟು ಹೋಗುತ್ತದೆ. ಹಳೆಯ ಕಾಲದ ಗಾತ್ರ ಹೆಸರಿಗೆ ಉಳಿಯಿತು, ಮೈ ಸವೆಯುತ್ತಾ ಬಂತು. ಹೊಸದಾಗಿ ಮನೆ ಕಟ್ಟಲು ಹೊರಟವರು ಮಿಲ್ಲಿಗೇ ಬಂದು ಜಗಳ ತೆಗೆಯುವುದುಂಟು.

"ಮೋಸ ಅಂತಾರೆ. ಮೋಸ ಅಲ್ಲ, ಅದು ಹೆಸರು," ಎಂದು ಲೋರ್ನಾ ಹೇಳುತ್ತಾರೆ. "ಕೊಡೋನಿಗೂ ಗೊತ್ತು, ತಗೊಳ್ಳೋನಿಗೂ ಗೊತ್ತು. ಆದ್ರೆ ಒಣ ಅನ್ನೋ ಮುದ್ರೆ ಇದ್ಯಲ್ಲ, ಅದು ಹೆಸರಲ್ಲ, ಮಾತು. ಅದನ್ನ ನಂಬಿ ಒಬ್ಬ ಬಾಗಿಲ ಚೌಕಟ್ಟು ಕೂರಿಸ್ತಾನೆ. ಹಸೀದಕ್ಕೆ ಒಣ ಅಂತ ಒತ್ತಿದ್ರೆ ಮುಂದಿನ್ ವರ್ಷ ಅವನ ಮನೆ ಬಾಗ್ಲು ಹಾಕಕ್ಕೇ ಬರಲ್ಲ. ಅಂಥ ಕೆಲ್ಸ ನಾನು ಮಾಡಿಲ್ಲ."

ಇದು ಬರೀ ಬಾಯಿಮಾತಲ್ಲ. ಒಮ್ಮೆ ಒಣಗಿಸುವ ಗೂಡು ಕೆಟ್ಟು, ಲಾರಿಗಳು ಬಾಗಿಲಲ್ಲಿ ಕಾಯುತ್ತಿದ್ದಾಗ, ಲೋರ್ನಾ ಇಡೀ ರಾಶಿಯನ್ನು ಹಸಿ ಎಂದು ಬರೆದು ಮನೆಗೆ ಹೋಗಿದ್ದರು. ಸಾಗಣೆ ನಿಂತ ಸಿಟ್ಟಿಗೆ ಮಾರನೆಯ ದಿನ ಯಾರೂ ಅವರೊಡನೆ ಊಟಕ್ಕೆ ಕೂರಲಿಲ್ಲ. ಅವರು ತಮ್ಮ ಪಾಡಿಗೆ ಬ್ರೆಡ್ಡು, ಹೊಗೆಯಾಡಿಸಿದ ಮೀನು ತಿಂದು ಮತ್ತೆ ಬಳಪ ಹಿಡಿದರು.

ಈ ಕೆಲಸ ಅವರಿಗೆ ಕಲಿಸಿದ್ದು ಮಿಲ್ಲಿನ ಹಿರಿಯ ಕೆಲಸಗಾರ ವೆಂಡೆಲ್ ಟ್ರಾಸ್ಕ್. ಸರಪಳಿಯ ಮುಂದೆ ಹೆಂಗಸು ನಿಂತದ್ದನ್ನು ಅದುವರೆಗೆ ಕಂಡಿರದ ಗಂಡಸರು, ಬೇಕೆಂದೇ ಹಲಗೆಗಳನ್ನು ಒತ್ತೊತ್ತಾಗಿ ಬಿಡುತ್ತಿದ್ದ ಕಾಲ. ಲೋರ್ನಾರ ಎಡಗೈ ಕಿರುಬೆರಳಿನ ತುದಿ ಹೋದದ್ದು ಆಗಲೇ. ವೆಂಡೆಲ್ ಯಾರಿಗೂ ಬೈಯಲಿಲ್ಲ. ಮರುದಿನದಿಂದ ಅವರ ಎದುರಿಗೇ ನಿಂತು ಅರ್ಧದಷ್ಟು ಹಲಗೆಗಳನ್ನು ತಾವೇ ಮಗುಚತೊಡಗಿದರು. ಆಮೇಲೆ ಇಪ್ಪತ್ತು ವರ್ಷ ಇಬ್ಬರೂ ಎದುರುಬದುರು ನಿಂತೇ ದುಡಿದರು. ಗದ್ದಲದಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಎಲ್ಲವೂ ಹುಬ್ಬಿನ ಸನ್ನೆಯಲ್ಲೇ ನಡೆಯುತ್ತಿತ್ತು.

ಮಿಲ್ಲಿನಲ್ಲಿ ಒಂದು ಪದ್ಧತಿಯಿದೆ. ಅಲ್ಲಿ ದುಡಿದವರು ಯಾರೇ ತೀರಿಕೊಂಡರೂ, ಅವರ ಶವಪೆಟ್ಟಿಗೆಗೆ ಹಲಗೆ ಮಿಲ್ಲಿನದೇ. ಮುಕ್ಕಾಲು ಇಂಚಿನದಲ್ಲ. ಜೀವಮಾನವೆಲ್ಲ ಮುಕ್ಕಾಲನ್ನು ಒಂದು ಎಂದು ಕೂಗಿದವರಿಗೆ ಕೊನೆಗೆ ಒಂದು ಎಂದರೆ ಒಂದೇ ಇಂಚು. ಅದನ್ನು ಹಳೆಯ ದೊಡ್ಡ ಗರಗಸದಲ್ಲಿ, ಸನ್ನೆಕೋಲನ್ನು ಕೈಯಿಂದಲೇ ಹೊಂದಿಸಿ ಕೊಯ್ಯುತ್ತಾರೆ. ಆ ಹಲಗೆಗಳಿಗೆ ಮುದ್ರೆಯಿಲ್ಲ. ಬಳಪದ ಗೀಟು ಮಾತ್ರ, ಅದೂ ಒಳಮೈಗೆ.

ಮಿಲ್ಲಿಗೆ ಮರ ಕಡಿಯುತ್ತಿದ್ದ ಲೋರ್ನಾರ ಗಂಡ ಆರ್ವೋ ಕಾಡಿನಲ್ಲಿ ಮೈಮೇಲೆ ಮರ ಬಿದ್ದು ತೀರಿಕೊಂಡಾಗಲೂ ಹಾಗೇ ಕೊಯ್ದರು. ದರ್ಜೆ ನೋಡುವ ಪಾಳಿ ಅಂದು ಲೋರ್ನಾರದೇ. ಮನೆಗೆ ಹೋಗು ಎಂದು ಎಲ್ಲರೂ ಹೇಳಿದರು, ಹೋಗಲಿಲ್ಲ. ವೆಂಡೆಲ್ ಮಾತ್ರ ಹೋಗು ಎನ್ನದೆ ಎದುರಿಗೆ ಬಂದು ನಿಂತರು. ಮೂರನೆಯ ಹಲಗೆಯ ಅಂಚಿನಲ್ಲೊಂದು ಗಂಟಿತ್ತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು ಚಿಕ್ಕದು. ವೆಂಡೆಲ್ ಅದನ್ನೆತ್ತಿ ಪಕ್ಕಕ್ಕಿಟ್ಟರು.

"'ಆರ್ವೋಗೆ ಇದು ಬೇಡ' ಅಂದ್ರು," ಎಂದು ಹೇಳುವಾಗ ಲೋರ್ನಾ ಗವಸನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಾರೆ. "ಅಷ್ಟೇ ಅಂದಿದ್ದು. ಅದೊಂದ್ ಮಾತಲ್ಲಿ ನಾನು ಇಷ್ಟ್ ವರ್ಷ ಬದುಕಿದೀನಿ."

ಕಳೆದ ಚಳಿಗಾಲದಲ್ಲಿ ವೆಂಡೆಲ್ ಅವರ ಶ್ವಾಸಕೋಶ ಕೈಕೊಟ್ಟಿತು. ಜೂನ್‌ನಲ್ಲಿ ಸ್ಟ್ರಾಬೆರಿ ಹಣ್ಣಾಗುವುದನ್ನು ನೋಡಿದರೆ ಅದೇ ಹೆಚ್ಚು ಎಂದರು ಡಾಕ್ಟರು. ಅದೇ ಹೊತ್ತಿಗೆ ಮಿಲ್ಲಿನಲ್ಲಿ ಹಳೆಯ ಗರಗಸವನ್ನು ಕಿತ್ತುಹಾಕುವ ಸುದ್ದಿ ಬಂತು. ಹೊಸ ಯಂತ್ರ ತನಗೆ ಹೇಳಿಕೊಟ್ಟ ಗಾತ್ರಗಳನ್ನಷ್ಟೇ ಕೊಯ್ಯುತ್ತದೆ, ಅದರಲ್ಲಿ ಪೂರ್ತಿ ಒಂದು ಇಂಚು ಎಂಬುದೇ ಇಲ್ಲ. ಏಪ್ರಿಲ್ ಕೊನೆಯ ಶುಕ್ರವಾರ ಹಳೆಯದಕ್ಕೆ ಕೊನೆಯ ದಿನ.

ಲೋರ್ನಾ ಹಳೆಯ ಗರಗಸ ನಡೆಸುವ ರೋಲೆಂಡ್ ಬಳಿ ಹೋಗಿ ವೆಂಡೆಲ್ ಅವರ ಹಲಗೆ ಕೊಯ್ದುಕೊಡಲು ಕೇಳಿದರು. ರೋಲೆಂಡ್ ಗರಗಸದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಬದುಕಿರುವವರಿಗೆ ಹಲಗೆ ಕೊಯ್ಯಬಾರದು ಎಂಬುದೂ ಪದ್ಧತಿಯೇ. "ನನ್ ಕೈಯಿಂದ ಆಗಲ್ಲ ಲೋರ್ನಾ. ನನಗೂ ಅವನು ಬೇಕಾದವನು. ಬದುಕಿರೋನ ಪೆಟ್ಟಿಗೆಗೆ ನಾನು ಗರಗಸದ ಹಲ್ಲು ಮುಟ್ಟಿಸಲ್ಲ," ಎಂದರು.

ಕೊನೆಯ ದಿನಕ್ಕೆ ಮುಂಚಿನ ಗುರುವಾರ ಮಧ್ಯಾಹ್ನ ವೆಂಡೆಲ್ ಅವರೇ ಬಂದರು. ಹೆಂಡತಿ ನೆಡ್ರಾ ಒಂದು ಕೈಯಲ್ಲಿ ಅವರನ್ನು, ಇನ್ನೊಂದರಲ್ಲಿ ಆಮ್ಲಜನಕದ ಸಿಲಿಂಡರನ್ನು ಹಿಡಿದುಕೊಂಡಿದ್ದರು. ಗರಗಸ ನಿಂತಿತು.

"ಏನ್ ರೋಲೆಂಡ್, ಕೊಯ್ಯಲ್ಲ ಅಂದ್ಯಂತೆ?"

"ಬದುಕಿದೀಯಲ್ಲೋ ಮಾರಾಯ. ಹೆಂಗ್ ಕೊಯ್ಯಲಿ?"

"ಸತ್ತು ಬಂದು ಕೇಳಕ್ಕಾಗುತ್ತಾ? ನಾಳೆ ಇದು ಗುಜರಿಗೆ ಹೋಗುತ್ತೆ. ಆಮೇಲೆ ನನ್ನ ಮುಕ್ಕಾಲ್ ಇಂಚಲ್ಲಿ ಕಳಿಸ್ತೀಯಾ? ಕೊಯ್ಯಿ. ಒಂದು ಇಂಚಿಗೆ ಇಡಬೇಡ, ಒಂಚೂರ್ ಮೇಲೆ ಇಡು. ಒಣಗಿ ತೋಪಡ ಹೊಡೆದ್ಮೇಲೆ ಒಂದಾಗಬೇಕು."

ರೋಲೆಂಡ್ ಕೊಯ್ದರು. ಕೊಯ್ಯುವಷ್ಟು ಹೊತ್ತೂ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಹಲಗೆಗಳು ಬಂದಾಗ ಲೋರ್ನಾ ಒಂದು ತುದಿ ಹಿಡಿದರು, ವೆಂಡೆಲ್ ಕುರ್ಚಿಯ ಮೇಲೆ ಕೂತು ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಒಂದೊಂದನ್ನೂ ಮಗುಚಿ ನಾಲ್ಕು ಮೈ ನೋಡಿದರು. ಒಂದರ ಮೂಲೆಯಲ್ಲಿ ತೊಗಟೆ ಉಳಿದಿತ್ತು. ವೆಂಡೆಲ್ ಹುಬ್ಬು ಏರಿಸಿದರು. ಲೋರ್ನಾ ಅದನ್ನು ಪಕ್ಕಕ್ಕೆ ಹಾಕಿದರು. ಉಳಿದವಕ್ಕೆ ವೆಂಡೆಲ್ ತಮ್ಮ ಕೈಯಾರೆ ಗೀಟು ಎಳೆದರು. ಮಿಲ್ಲಿನ ಜನ ಸುತ್ತ ನಿಂತು ನೋಡಿದರು. ನೆಡ್ರಾ, "ಮನೇಲಿ ಮೊಟ್ಟೆ ಬೇಯ್ಸಿ ಕೊಟ್ರೂ ಇವನು ಹಿಂಗೇ ತಿರುಗ್ಸಿ ತಿರುಗ್ಸಿ ನೋಡೋದು," ಎಂದು ಕಣ್ಣು ಒರೆಸಿಕೊಂಡರು.

ಆ ಹಲಗೆಗಳು ಈಗ ಲೋರ್ನಾರ ಮನೆಯ ಹಿಂದಿನ ಚಪ್ಪರದಲ್ಲಿವೆ. ಗಾಳಿಯಾಡಲೆಂದು ನಡುನಡುವೆ ರೀಪು ಕೊಟ್ಟು ಪೇರಿಸಿದ್ದಾರೆ. ಅಂದು ಮಿಲ್ಲಿನಿಂದ ಹೊರಡುವ ಮುನ್ನ ವೆಂಡೆಲ್ ಒಂದು ಕರಾರು ಹಾಕಿದ್ದರು. "ಹಸಿ ಹಲಗೇಲಿ ನನ್ನ ಹಾಕ್ಬೇಡ ಹುಡುಗಿ. ಮಣ್ಣೊಳಗೆ ಕೀಲು ಬಿಟ್ಕೊಳುತ್ತೆ. ಜನ್ಮ ಪೂರ್ತಿ ಹಸಿ ಮಾಲು ವಾಪಸ್ ಕಳಿಸ್ದೋನು ನಾನು, ಹಸಿ ಮಾಲಲ್ಲಿ ಹೋದ್ರೆ ಮರ್ಯಾದೆ ಉಳಿಯುತ್ತಾ? ಒಣಗೋವರೆಗೂ ಕಾಯ್ತೀನಿ." ಐವತ್ತೆಂಟು ವರ್ಷದ ಲೋರ್ನಾ ವೆಂಡೆಲ್ ಪಾಲಿಗೆ ಇಂದಿಗೂ ಹುಡುಗಿಯೇ.

ಕಾದರು. ಸ್ಟ್ರಾಬೆರಿ ಬಂದು ಹೋಯಿತು. ಚೆರ್ರಿ ಮುಗಿಯಿತು. ಡಾಕ್ಟರು ಏನೂ ಹೇಳುವುದನ್ನು ಬಿಟ್ಟಿದ್ದಾರೆ. ಪ್ರತಿ ಭಾನುವಾರ ಲೋರ್ನಾ ಎರಡು ಮುಳ್ಳಿನ ತೇವದ ಮೀಟರನ್ನು ಹಲಗೆಗೆ ಚುಚ್ಚಿ ನೋಡಿ, ಚರ್ಚಿನಿಂದ ಸೀದಾ ವೆಂಡೆಲ್ ಮನೆಗೆ ಹೋಗುತ್ತಾರೆ. ಕಾಫಿಗಿಂತ ಮೊದಲು ಅವರ ಪ್ರಶ್ನೆ, "ಎಷ್ಟಿದೆ?" ತೇವ ನೂರಕ್ಕೆ ಹತ್ತೊಂಬತ್ತರೊಳಗೆ ಬಂದರೆ ಒಣ ಎಂಬುದು ಮುದ್ರೆಯ ನಿಯಮ. ಮೇ ತಿಂಗಳಲ್ಲಿ ನಲವತ್ತರ ಹತ್ತಿರ ಇತ್ತು. ಜೂನ್ ಕೊನೆಗೆ ಮೂವತ್ತು. ಜುಲೈ ಬಿಸಿಲಿಗೆ ಸರಸರನೆ ಇಳಿಯಿತು.

ಆಗಸ್ಟಿನ ಒಂದು ಭಾನುವಾರ ಮೀಟರು ಹದಿನೇಳು ತೋರಿಸಿತು. ಲೋರ್ನಾ ಬೇರೆ ಹಲಗೆಗೆ ಚುಚ್ಚಿದರು, ಅದೂ ಹದಿನೇಳು. ಅಂದು ಚರ್ಚಿಗೆ ಹೋಗಲಿಲ್ಲ. ಚಪ್ಪರದಲ್ಲೇ ಕೂತಿದ್ದರು.

ವೆಂಡೆಲ್ ಮನೆಯಲ್ಲಿ ಅದೇ ಪ್ರಶ್ನೆ. "ಎಷ್ಟಿದೆ ಹುಡುಗಿ?"

"ಇಪ್ಪತ್ತೆರಡು," ಎಂದರು ಲೋರ್ನಾ.

ಹಾಗೆ ಹೇಳಿ, ನೆಡ್ರಾ ಕೊಟ್ಟ ಕಾಫಿಯನ್ನು ಹಾಗೇ ಬಿಟ್ಟು ಎದ್ದು ಬಂದರು. ಅದನ್ನು ನೆನೆದು ಈಗ ಹೇಳುತ್ತಾರೆ: "ಲಾರಿಗಳನ್ನ ನಿಲ್ಸಿದ್ದ ಬಾಯಿ ಇದು. ಇದೇ ಬಾಯಲ್ಲಿ ಅವ್ರ ಮುಖ ನೋಡ್ಕೊಂಡು ಸುಳ್ಳು ಹೇಳ್ದೆ. ಹದಿನೇಳು ಅಂದಿದ್ರೆ ಅವತ್ತೇ ಹೊರಟ್ಬಿಡ್ತಾರೇನೋ ಅನ್ನಿಸ್ತು." ಅಂದಿನಿಂದ ಪ್ರತಿ ಭಾನುವಾರವೂ ಇಪ್ಪತ್ತೆರಡು, ಇಪ್ಪತ್ತೊಂದು, ಮತ್ತೆ ಇಪ್ಪತ್ತೆರಡು.

ಹೋದ ವಾರ ವೆಂಡೆಲ್ ಒಂದು ತುಂಡು ತಂದು ತೋರಿಸಲು ಹೇಳಿದರು. ಬೇಡವೆನ್ನಲು ಲೋರ್ನಾರಿಗೆ ಕಾರಣ ಹೊಳೆಯಲಿಲ್ಲ. ಪೇರಿಸಿದ ರಾಶಿಯಿಂದ ಒಂದು ಹಲಗೆಯ ತುದಿ ಕತ್ತರಿಸಿ ತೆಗೆದುಕೊಂಡು ಹೋದರು. ವೆಂಡೆಲ್ ಅದನ್ನು ಹೊದಿಕೆಯ ಮೇಲಿಟ್ಟುಕೊಂಡು, ಮೊದಲು ಕೈಯಲ್ಲಿ ತೂಗಿದರು. ಆಮೇಲೆ ಮೂಗಿಗೆ ಹಿಡಿದರು. ಕೊನೆಗೆ ಬೆರಳ ಗೆಣ್ಣಿನಿಂದ ತಟ್ಟಿದರು.

ಹಸಿ ಮರ ತಟ್ಟಿದರೆ ದಬ್ಬೆನ್ನುತ್ತದೆ. ಒಣ ಮರ ಠಣ್ಣೆನ್ನುತ್ತದೆ. ಇದನ್ನು ಆಲ್ಡರ್ ಬೆಂಡ್‌ನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಅಡಿಗೆಮನೆಯಲ್ಲಿ ಹಕಲ್‌ಬೆರಿ ಎಂಬ ಕಾಡುಹಣ್ಣು ಆಯುತ್ತಿದ್ದ ನೆಡ್ರಾರಿಗೂ ಆ ಸದ್ದು ಕೇಳಿಸಿತು, ಅವರ ಕೈ ನಿಂತಿತು. ಲೋರ್ನಾ ತಲೆ ತಗ್ಗಿಸಿದರು.

ವೆಂಡೆಲ್ ಇನ್ನೊಮ್ಮೆ ತಟ್ಟಿದರು. ಎದುರಿಗೆ ಕೂತ ಲೋರ್ನಾರನ್ನು ನೋಡಿದರು. ಹುಬ್ಬು ಸ್ವಲ್ಪ ಏರಿತು, ಹಾಗೇ ಇಳಿಯಿತು.

"ಇನ್ನೂ ಹಸಿ ಇದೆ," ಎಂದರು.

"ಹೂಂ," ಎಂದರು ಲೋರ್ನಾ. "ಹಸಿನೇ."

"ಇನ್ನೊಂದ್ ತಿಂಗಳಾದ್ರೂ ಬೇಕು."

"ಬೇಕಾಗುತ್ತೆ."

"ಹಂಗಾದ್ರೆ ನೆಡ್ರಾ, ಆ ಹಣ್ಣಿಂದು ಕಡುಬು ಮಾಡು. ತಿನ್ನಣ," ಎಂದು ತುಂಡನ್ನು ಲೋರ್ನಾರ ಕೈಗೆ ಕೊಟ್ಟು ದಿಂಬಿಗೆ ಒರಗಿದರು.

ಸೆಪ್ಟೆಂಬರ್ ನಡೆಯುತ್ತಿದೆ. ಬೆಳಗಿನ ಐದೂವರೆಗೆ ಲೋರ್ನಾ ಎಂದಿನಂತೆ ಸರಪಳಿಯ ಮುಂದೆ ನಿಲ್ಲುತ್ತಾರೆ, ಹಲಗೆಗಳಿಗೆ ಇದ್ದದ್ದು ಇದ್ದ ಹಾಗೆ ಗೀಟು ಎಳೆಯುತ್ತಾರೆ. ಈ ವಿಷಯ ಪತ್ರಿಕೆಯಲ್ಲಿ ಬಂದರೆ ಬೇಸರವಿಲ್ಲವೇ ಎಂದು ಕೇಳಿದರೆ, "ಬರೀರಿ. ಅವ್ರಿಗೂ ಗೊತ್ತು, ನನಗೂ ಗೊತ್ತು," ಎನ್ನುತ್ತಾರೆ. ಸಂಜೆ ಮನೆಗೆ ಬಂದವರು ಮೊದಲು ಹಿಂದಿನ ಚಪ್ಪರಕ್ಕೆ ಹೋಗುತ್ತಾರೆ. ಪಡುವಣ ಕಡೆಗೆ, ಮಳೆ ಹೊಡೆಯುವ ದಿಕ್ಕಿಗೆ ಕಟ್ಟಿದ್ದ ಟಾರ್ಪಾಲನ್ನು ಈ ವಾರ ಅವರೇ ಸುತ್ತಿ ಮೇಲೆ ಕಟ್ಟಿದ್ದಾರೆ. ಮರದ ಕೆಲಸದವರು ಜೀವಮಾನವೆಲ್ಲ ಮಳೆಗೆ ಶಾಪ ಹಾಕುವವರು. ಲೋರ್ನಾ ಸಮುದ್ರದ ಕಡೆಯ ಮೋಡ ನೋಡುತ್ತಾ ನಿಲ್ಲುತ್ತಾರೆ.

"ನನಗೆ ಇನ್ನೇನೂ ಬೇಡ," ಎನ್ನುತ್ತಾರೆ. "ಈ ಸಲ ಮಳೆ ಒಂಚೂರ್ ಬೇಗ ಬರ್ಲಿ. ಹಲಗೆ ಮತ್ತೆ ತೇವ ಹೀರ್ಕೊಂಡು ಇಪ್ಪತ್ತೆರಡಕ್ಕೆ ಬಂದ್ರೆ, ನಾನು ಅವ್ರಿಗೆ ಹೇಳಿದ್ದು ನಿಜ ಆಗುತ್ತೆ."