ಸುಂಕಲಮ್ಮ ಕೈ ಬಿಡಿಸಿಕೊಂಡ ಬಗೆ

ನಮ್ಮೂರು ಮರಳಿಯಲ್ಲಿ ಈಗ ಯಾರ ಬಾಯಲ್ಲಿ ನೋಡಿದರೂ ಸುಂಕಲಮ್ಮನ ಹೆಸರು. ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗಂತ ಆಕೆ ದೊಡ್ಡ ಆಳೇನಲ್ಲ, ನನ್ನ ಭುಜಕ್ಕೂ ಬರುವುದಿಲ್ಲ. ಭತ್ತದ ಸಸಿ ನಾಟಿಗೆ ಹೋಗುವ ನಮ್ಮ ಹೆಂಗಸರ ಗುಂಪಿನಲ್ಲಿ ಅವಳಷ್ಟು ಕುಳ್ಳಿ ಇನ್ನೊಬ್ಬಳಿಲ್ಲ. ನಾನು ಹಂಪವ್ವ, ಆ ಗುಂಪಿನ ಮುಂದಾಳು. ಭತ್ತದ ಚೀಲವನ್ನು ಒಬ್ಬಳೇ ಎತ್ತಿ ಹೆಗಲಿಗೇರಿಸುವವಳು.

ಸುಂಕಲಮ್ಮನ ತವರು ಅಳವಂಡಿ ಕಡೆ. ಜೋಳ, ಕಡಲೆ ಬೆಳೆಯುವ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಬೆಳೆದವಳು. ಹಮಾಲಿ ಗಾಳೆಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದಾಗ ನೀರು ನಿಂತ ಗದ್ದೆಯನ್ನು ಕಂಡೇ ಇರಲಿಲ್ಲ. ಮೊದಲ ದಿನ ಕೆಸರಿಗಿಳಿದವಳು ಕಾಲು ಕೀಳಲಾಗದೆ ಅಳುತ್ತ ನಿಂತುಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹತ್ತಿರ ಹೋದವಳು ನಾನೊಬ್ಬಳೇ.

"ಜಗ್ಗಬ್ಯಾಡ ತಂಗಿ, ಜಗ್ಗಿದಷ್ಟೂ ಹಿಡೀತೈತಿ. ಹಿಮ್ಮಡ ತಿರುವಿ ತಗಿ" ಅಂದೆ. ಕಾಲು ಸಲೀಸಾಗಿ ಬಂತು. ಇದನ್ನು ನೀವು ನೆನಪಿಟ್ಟುಕೊಳ್ಳಿ, ಊರಿನವರಿಗಂತೂ ನೆನಪಿಲ್ಲ.

ಕಳೆದ ವರ್ಷದ ನಾಟಿಯಲ್ಲಿ ಕೆಸರು ಮಾಡಲು ಓಬಳೆಪ್ಪ ಎಂಬ ಟ್ರ್ಯಾಕ್ಟರ್ ಡ್ರೈವರ್ ಬರುತ್ತಿದ್ದ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು. ಹೆಂಗಸರು ಒಂಟಿಯಾಗಿ ಸಿಕ್ಕರೆ ಮೈಮೇಲೆ ಬೀಳುವ ಚಾಳಿ ಅವನದು. ನನ್ನ ತಂಟೆಗೆ ಮಾತ್ರ ಎಂದೂ ಬಂದವನಲ್ಲ. ಒಂದು ಮಧ್ಯಾಹ್ನ ಬುತ್ತಿ ಉಂಡ ಮೇಲೆ ಸುಂಕಲಮ್ಮ ಸಸಿಯ ಕಟ್ಟು ತರಲು ಬದುವಿನ ಮೇಲೆ ಹೊರಟಿದ್ದಳು. ಅವನು ಅಡ್ಡಗಟ್ಟಿ ಮುಂಗೈ ಹಿಡಿದ.

ಮೊದಲು ಕಂಡವಳು ನಾನು. ಸೀರೆ ಎತ್ತಿ ಕಟ್ಟಿ ಓಡಿದೆ. ಸುಳ್ಳೇಕೆ ಹೇಳಲಿ, ಓಡುವಾಗ ನನಗೆ ಖುಷಿಯೂ ಆಗಿತ್ತು. ಇವತ್ತು ಇವನ ಹಲ್ಲು ಉದುರಿಸುತ್ತೇನೆ, ಊರೆಲ್ಲ ನನ್ನ ಹೆಸರು ಹೇಳುತ್ತದೆ ಅಂದುಕೊಂಡೆ. ನಾನು ಅರ್ಧ ಗದ್ದೆ ದಾಟುವಷ್ಟರಲ್ಲಿ ಎಲ್ಲ ಮುಗಿದೇಹೋಗಿತ್ತು.

ಆಕೆ ಕೈಯನ್ನು ಹಿಂದಕ್ಕೆಳೆಯಲಿಲ್ಲ. ಅವನತ್ತಲೇ ಒಂದು ಹೆಜ್ಜೆ ಸರಿದು, ಮುಂಗೈಯನ್ನು ಅವನ ಹೆಬ್ಬೆರಳಿನ ಕಡೆಗೆ ತಿರುವಿ ಹೊರಗೆ ತೆಗೆದಳು. ಬದುವಿನಿಂದ ಕೆಸರಿಗೆ ಇಳಿದು ಸರಸರನೆ ನಡೆದಳು. ಓಬಳೆಪ್ಪ ಬೂಟು ಹಾಕಿದ ಕಾಲಲ್ಲೇ ಹಿಂದೆ ಧುಮುಕಿದ. ಅಂಥ ಭಾರದ ಮೈ, ಮೊಣಕಾಲವರೆಗೆ ಹೂತು, ಕಾಲು ಕೀಳಲು ಹೋಗಿ ಮುಖ ಅಡಿಯಾಗಿ ಬಿದ್ದ. ನನಗೆ ಉಳಿದದ್ದು ಬೈಯುವ ಕೆಲಸ ಮಾತ್ರ. ಅದನ್ನು ಚೆನ್ನಾಗಿಯೇ ಮಾಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲ್ಲರೂ ಅವಳನ್ನೇ ಸುತ್ತುಗಟ್ಟಿದರು. "ಹೆಂಗ ಬಿಡಿಸ್ಕೊಂಡಿಯವ್ವಾ?" ಎಂದಳು ನಮ್ಮ ಗುಂಪಿನ ಇಮಾಮಬೀ.

"ಕೆಸರಾಗ ಕಾಲು ಸಿಕ್ರ ಜಗ್ಗತೀವೇನು? ತಿರುವಿ ತಗೀತೀವಿ. ಕೈನೂ ಹಂಗ. ಹೆಬ್ಬೆರಳ ಕಡೆ ಹಿಡಿತ ಸಡಿಲ ಇರತೈತಿ."

ಅದನ್ನು ಕಲಿಸಿದವರು ಯಾರು ಅಂತ ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಆವತ್ತು ಹತ್ತಿದ ಕಿಚ್ಚು ಆರಿಲ್ಲ.

ಅಂದಿನಿಂದ ಸಂಜೆಯಾದರೆ ಊರಿನ ಹುಡುಗಿಯರೆಲ್ಲ ಅವಳ ಅಂಗಳದಲ್ಲಿ ಕೈ ಹಿಡಿಯುವುದು, ಬಿಡಿಸಿಕೊಳ್ಳುವುದು. ನನ್ನ ಮಗಳು ಅನುಷಾ ಕೂಡ. ಗಂಗಾವತಿ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಅವಳು ಅಪ್ಪನ ಹಾಗೆ ಸಣಕಲು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದಾಂಡಿಗ ದಿನಾ ಅವಳನ್ನು ಅಡ್ಡಗಟ್ಟುತ್ತಿದ್ದಾನೆ ಎಂಬ ಸುದ್ದಿ ನನಗೆ ಇಮಾಮಬೀಯಿಂದ ತಿಳಿಯಿತು. ಮಗಳು ಅದನ್ನು ಹೇಳಿಕೊಂಡಿದ್ದು ಸುಂಕಲಮ್ಮನ ಹತ್ತಿರ.

ನೆಟ್ಟಗೆ ಆ ಅಂಗಳಕ್ಕೇ ಹೋಗಿ ಮಗಳನ್ನು ಕೇಳಿದೆ, "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಂದು ಅವನ್ನ ಬಡೀತಿದ್ದಿ. ಮರುದಿನ ನಾ ಒಬ್ಬಾಕೀನ ಬಸ್ಸಿಗೆ ಹೋಗಬೇಕಲ್ಲವ್ವಾ."

ಸುಂಕಲಮ್ಮ ಹೌದೆಂಬಂತೆ ತಲೆಯಾಡಿಸಿದಳು, ಅದೇ ನನ್ನನ್ನು ಕೆರಳಿಸಿತು. ಮಗಳ ಮುಂಗೈಯನ್ನು ಗಪ್ಪನೆ ಹಿಡಿದೆ. "ಏನ್ ಕಲಿಸ್ಯಾಳೋ ನೋಡೂಣು. ಬಿಡಿಸ್ಕೊ!"

ಆಟಕ್ಕೆ ಹಿಡಿದದ್ದಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಆದರೂ ನಾನು ಬಿಡಲಿಲ್ಲ. ಸುಂಕಲಮ್ಮನ ಎದುರಿಗೇ ಅವಳು ಸೋಲಬೇಕು, ಸೋತು ನನ್ನ ಮನೆಗೆ ಬರಬೇಕು ಎಂದು ಮೈಯ ಭಾರವನ್ನೆಲ್ಲ ಹಾಕಿ ನನ್ನ ಕಡೆಗೆ ಎಳೆದೆ.

"ಅಕ್ಕಾ, ಹುಡುಗೀಗೆ ನೋವಾಗತೈತಿ" ಎಂದಳು ಸುಂಕಲಮ್ಮ.

ಅನುಷಾ ಹಿಂದೆ ಸರಿಯಲಿಲ್ಲ. ನಾನು ಎಳೆದ ಕಡೆಗೇ ಬಂದು, ಕೈ ತಿರುವಿ, ಹೆಬ್ಬೆರಳಿನ ಪಕ್ಕದಿಂದ ಜಾರಿಸಿಕೊಂಡಳು. ಬರಿಗೈಯಲ್ಲಿ ನಾನು ಹಿಂದಕ್ಕೆ ದೊಪ್ಪನೆ ಬಿದ್ದೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ನನ್ನ ಹಿಡಿತದಿಂದ ಈವರೆಗೆ ಯಾವ ಗಂಡಸೂ ಬಿಡಿಸಿಕೊಂಡಿರಲಿಲ್ಲ. ಇನ್ನು ಇವಳಿಗೆ ಆ ದಾಂಡಿಗನೇನು ಮಹಾ ಎಂದು ನೆಲದಲ್ಲಿ ಬಿದ್ದಲ್ಲಿಯೇ ನನ್ನ ಎದೆ ಹಗುರಾಯಿತು. ಮಗಳು ಓಡಿ ಬಂದು ನನ್ನನ್ನು ಎಬ್ಬಿಸಿದಳು, ಬೆನ್ನಿನ ಮಣ್ಣು ಕೊಡವಿದಳು. ಕೆಂಪಗೆ ಬಾತ ಮುಂಗೈಯನ್ನು ಉಜ್ಜಿಕೊಳ್ಳುತ್ತ ಸುಂಕಲಮ್ಮನತ್ತ ತಿರುಗಿದಳು.

"ಬರೋಬ್ಬರಿ ಆತೇನು, ಚಿಗವ್ವಾ?"

ಬರೋಬ್ಬರಿಯೇ ಆಗಿತ್ತು. ನನ್ನನ್ನು ಕೇಳಿದ್ದರೆ ನಾನೂ ಹೇಳುತ್ತಿದ್ದೆ.