ಅದೇ ಹಾಳೆಯ ಕೆಳಗೆ

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ನಾಲ್ಕೈದೇ, ಎಲ್ಲರೂ ನೇಕಾರರು. ಮನೆಯಲ್ಲಿ ಏನು ತಕರಾರು ಬಂದರೂ ಚರ್ಚಿನ ಉಪದೇಶಿಯನ್ನು ಕರೆಸಿ ಬೈಬಲ್ ತೆಗೆಸುವುದು ರೂಢಿ. ಅವರು ಓದಿದ್ದೇ ತೀರ್ಪು. ನಮಗ್ಯಾರಿಗೂ ಓದಲು ಬರುತ್ತಿರಲಿಲ್ಲ.

ಗಂಡನ ಹೊಡೆತ ತಾಳದೆ ನನ್ನ ಅಕ್ಕ ರಾಜೂರಿನಿಂದ ನಡೆದುಕೊಂಡೇ ಬಂದಳು. ಬೆನ್ನೆಲ್ಲ ಕರ್ರಗಾಗಿತ್ತು. ಉಪದೇಶಿ ಬಂದರು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಮಾತು ಓದಿದರು.

"ಹೊಡಿಯಾಂವಗ ಏನೂ ಹೇಳಿಲ್ಲೇನ್ರಿ ಅದರಾಗ?" ಎಂದಳು ಅವ್ವ.

"ದೇವರ ಮಾತಿಗೆ ಎದುರಾಡಬಾರದವಾ. ಹುಡುಗಿನ್ನ ಕಳಿಸಿಕೊಡ್ರಿ."

ಅಪ್ಪ ಕಳಿಸಿಬಿಟ್ಟ. ಅಕ್ಕ ಅಳಲೂ ಇಲ್ಲ.

ಜೋಳದ ಸುಗ್ಗಿಯ ಹೊತ್ತಿಗೆ ಅವಳ ಹೆಣ ಬಂತು. ಕಾಲು ಜಾರಿ ಬಾವಿಗೆ ಬಿದ್ದಳು ಎಂದರು. ಮಣ್ಣು ಕೊಡುವಾಗ ಅದೇ ಉಪದೇಶಿ ಭಾವನ ಕಡೆ ನೋಡುತ್ತ, ಗಂಡನಾದವನು ಹೆಂಡತಿಯನ್ನು ತನ್ನ ಮೈಯಂತೆ ಪ್ರೀತಿಸಬೇಕು ಎಂದು ಓದಿದರು.

ಅವ್ವ ನಡುವೆಯೇ ಕೇಳಿದಳು. "ಅವತ್ತ ಈ ಮಾತು ಎಲ್ಲಿತ್ರಿ?"

"ಅದ ಹಾಳ್ಯಾಗ ಐತವಾ, ಒಂದೀಟ ಕೆಳಗ."

"ಆ ಒಂದೀಟು ಓದಿದ್ರ ನಿಮ್ಮ ಬಾಯಿ ಬಿದ್ದ ಹೋಗ್ತಿತ್ತೇನ್ರಿ?"

ಅವರು ಪುಸ್ತಕ ಮುಚ್ಚಿದರು.

ಮುಂದೆ ನಾನು ಅಕ್ಷರ ಕೂಡಿಸಿ ಓದುವಷ್ಟು ಕಲಿತು ಆ ಹಾಳೆ ಹುಡುಕಿದೆ. ಎರಡೂ ಮಾತು ಇವೆ, ಖರೇ. ಯಾರ ಮುಂದೆ ಯಾವುದನ್ನು ಓದಬೇಕು ಎಂದು ಮಾತ್ರ ಅಲ್ಲಿ ಬರೆದಿಲ್ಲ. ನನ್ನ ಮಗಳು ಅಂಥದೇ ಬೆನ್ನು ಹೊತ್ತು ತವರಿಗೆ ಬಂದಾಗ ನಾನು ಯಾರನ್ನೂ ಕರೆಸಲಿಲ್ಲ. ಅವಳನ್ನು ನಮ್ಮ ಮಗ್ಗದ ಕುಣಿಯಲ್ಲಿ ಕೂಡಿಸಿ, ನೇಯುವ ಲಾಳಿ ಕೈಗೆ ಕೊಟ್ಟೆ.